ನೆರಳಿಲ್ಲದ ಮೋಡ

ಬಾಗಿಲು ಬಡಿದ ಸದ್ದು ಮೂರು ಸಲ ಕೇಳಿಸಿತು. ನಾಲ್ಕನೆಯ ಸಲಕ್ಕೆ ಬಡಿಯುವ ಕೈ ಸೋತು ಹಲಗೆಯ ಮೇಲೆ ಜಾರಿತು.

ಗಂಟೆ ಹನ್ನೊಂದೂವರೆ. ನಾನು ಅಡುಗೆಮನೆಯಲ್ಲಿ ಕೊನೆಯ ಪಾತ್ರೆ ತೊಳೆಯುತ್ತಿದ್ದೆ. ನನ್ನ ಗಂಡ ಊಟದ ಮೇಜಿನ ಮುಂದೆ ಕುಳಿತು ಮಗಳ ಶಾಲೆಯ ಕೆಲಸ ಮುಗಿಸುತ್ತಿದ್ದರು. ಐದು ಬಗೆಯ ಎಲೆಗಳನ್ನು ಕಾಗದದ ಮೇಲಿಟ್ಟು ಅವುಗಳ ಅಂಚು ಬರೆಯಬೇಕಿತ್ತು. ಆರು ವರ್ಷದ ಹುಡುಗಿ ಎರಡು ಎಲೆ ಬರೆದು, ಮೂರನೆಯದರ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದಳು. ಉಳಿದ ಮೂರು ಅಪ್ಪನ ಪಾಲಿಗೆ ಬಂದಿದ್ದವು. ಅವರು ಎಡಗೈಯಲ್ಲಿ ಪೆನ್ಸಿಲ್ ಹಿಡಿದು, ತೊಟ್ಟಿನಿಂದ ಬಲಕ್ಕೆ ಹೊರಟು, ತುದಿಯವರೆಗೆ ಹತ್ತಿ, ಎಡ ಅಂಚಿನಲ್ಲಿ ಇಳಿದು, ಮತ್ತೆ ತೊಟ್ಟು ಮುಟ್ಟಿದಾಗ ಟಕ್ ಟಕ್ ಎಂದು ಎರಡು ಚುಕ್ಕಿ ಒತ್ತಿ ಮುಗಿಸುತ್ತಿದ್ದರು.

“ಈ ಹೊತ್ತಲ್ಲಿ ಯಾರ್ರೀ?” ಎಂದೆ.

“ನೀನು ತೆಗೀಬೇಡ, ಇರು. ನಾನ್ ನೋಡ್ತೀನಿ.”

ಬಾಗಿಲಲ್ಲಿ ನನ್ನ ತಮ್ಮ ನಿಂತಿದ್ದ. ಅರಣ್ಯ ಕಾವಲುಗಾರನ ಖಾಕಿ ಅಂಗಿಯ ಮೇಲೆ ಬಿಲ್ಲೆ ಇರಲಿಲ್ಲ. ಅದನ್ನು ಬಿಚ್ಚಿಕೊಂಡ ಜಾಗದಲ್ಲಿ ಎರಡು ತೂತುಗಳಿದ್ದವು. ಅವನು ಒಳಗೆ ಬಂದವನೇ ಯಾರ ಮುಖವನ್ನೂ ನೋಡದೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ಏನನ್ನೋ ಎಲೆಗಳ ಪಕ್ಕದಲ್ಲಿಟ್ಟು ಬಿಚ್ಚಿದ. ಅದೊಂದು ಚಿಗುರು ಕೊಂಬೆ, ತೋಳಿನಷ್ಟು ಉದ್ದ. ಬುಡದಲ್ಲಿ ಗರಗಸದ ಹಲ್ಲು ಮೂಡಿದ್ದ ತೊಗಟೆಯ ಚೂರು ಇನ್ನೂ ಅಂಟಿಕೊಂಡಿತ್ತು.

“ಅಕ್ಕಾ, ಕಡಿದ ಮೋಟಿನ ಮೇಲೆ ಚಿಗುರು ಇಷ್ಟುದ್ದ ಬರೋಕೆ ಎಷ್ಟು ದಿನ ಬೇಕು ಹೇಳು.”

“ಮೊದಲು ಕೂತ್ಕೋ. ನೀರು ಕುಡಿ.”

“ದಿನ ಹೇಳಕ್ಕಾ. ನನ್ ಜೀವನ ಈಗ ಆ ದಿನದ ಮೇಲೇ ನಿಂತಿದೆ.”

ನನ್ನ ಗಂಡ ಅವನ ಹೆಗಲ ಮೇಲೆ ಕೈಯಿಟ್ಟು ಕೂರಿಸಿದರು. ಒಳಗಿನಿಂದ ಹೊದಿಕೆ ತಂದು ಹೊದಿಸಿದರು. ಚಹಾಕ್ಕೆ ನೀರಿಟ್ಟರು. ಒಂದು ಲೋಟ ಇಳಿದ ಮೇಲೆ ಅವನ ಬಾಯಿಂದ ವಿಷಯ ತುಂಡುತುಂಡಾಗಿ ಹೊರಬಿತ್ತು.

ನಾಲ್ಕು ತಿಂಗಳ ಹಿಂದೆ ಅವನನ್ನು ಉತ್ತರದ ಕಣಿವೆಯ ಕಾವಲಿಗೆ ಹಾಕಿದ್ದರು. ಹೋಗಿ ನೋಡಿದರೆ ಅಲ್ಲಿ ಕಾಯಲು ಕಾಡೇ ಇರಲಿಲ್ಲ. ಕಣ್ಣು ಹಾಯುವಷ್ಟು ದೂರ ಮೋಟುಗಳು. ಮೂರು ಸಲ ಬರೆದು ತಿಳಿಸಿದ. ಉಪಗ್ರಹದ ವರದಿಯ ಪ್ರಕಾರ ಅಲ್ಲಿ ಮರಗಳಿವೆ ಎಂದು ಮೂರು ಸಲವೂ ಬಾಯಿಮಾತಿನ ಉತ್ತರ ಬಂತು. ಹತ್ತು ದಿನಗಳ ಹಿಂದೆ ಅದೇ ಉಪಗ್ರಹ ಇದ್ದಕ್ಕಿದ್ದಂತೆ ಬಾಯಿಬಿಟ್ಟಿತು: ನಾನೂರ ಹನ್ನೆರಡು ಹೆಕ್ಟೇರ್ ಕಾಡು ಮಾಯ, ನಷ್ಟದ ದಿನಾಂಕ ಈ ತಿಂಗಳ ಮೂರು. ಅಂದು ಅಲ್ಲಿ ಕಾವಲಿದ್ದವನು ನನ್ನ ತಮ್ಮ.

“ಬರೆದುಕೊಟ್ಟಿದ್ಯಲ್ಲ, ಆ ಕಾಗದ ಎಲ್ಲಿ?” ಎಂದೆ.

“ಬಂದೇ ಇಲ್ಲ ಅಂತಾರೆ. ಫೋನಲ್ಲಿದ್ದ ಫೋಟೋ ತೋರಿಸಿದೆ. ಮೋಟು ಎಲ್ಲಿದ್ರೂ ಮೋಟೇ, ಇದು ಯಾವ ಕಣಿವೇದು ಅಂತ ನಕ್ಕರು. ನಾಡಿದ್ದು ಹತ್ತು ಗಂಟೆಗೆ ವಿಚಾರಣೆ. ಅಲ್ಲಿಂದ ನೇರವಾಗಿ ಪೊಲೀಸು. ನಾನೂರು ಹೆಕ್ಟೇರನ್ನ ನಾನೊಬ್ಬನೇ ನಾಲ್ಕು ತಿಂಗಳಲ್ಲಿ ಕಡಿಸಿ ಸಾಗಿಸಿದೆನಂತೆ. ನಮ್ಮಪ್ಪನ ಮನೆಯ ಬೇಲಿ ಕಟ್ಟೋಕೆ ನನಗೆ ಎರಡು ವರ್ಷ ಹಿಡೀತು ಅಂತ ನಿಂಗೆ ಗೊತ್ತಲ್ಲ.”

ಅವನು ಹೊದಿಕೆಯ ಅಂಚಿನಲ್ಲಿ ಕಣ್ಣೊರೆಸಿಕೊಂಡ.

“ನೋಡಪ್ಪಾ, ನಿಮ್ಮಕ್ಕ ಆ ಉಪಗ್ರಹದ ಕಚೇರೀಲಿ ಬರೀ ನೌಕರಿ ಮಾಡೋಳು,” ಎಂದರು ನನ್ನ ಗಂಡ, ಮೆಲ್ಲಗೆ. “ಹಳೇ ಚಿತ್ರ ಕೆದಕೋಕೆ ಹೋದ್ರೆ ಅವಳ ಕೆಲಸಕ್ಕೂ ಸಂಚಕಾರ. ಒಳ್ಳೇ ವಕೀಲರನ್ನ ಹಿಡಿಯೋಣ.”

“ವಕೀಲರು ಮೇಲಿಂದ ನೋಡಿದಾರಾ ಭಾವ? ನೋಡಿರೋದು ಅಕ್ಕನ ಕಚೇರಿ.”

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಐದು ದಿನಕ್ಕೊಮ್ಮೆ ತಲೆಯ ಮೇಲೆ ಹಾದುಹೋಗುವ ಉಪಗ್ರಹ ಕಳಿಸಿದ ಚಿತ್ರಗಳನ್ನು ಚೌಕಗಳಾಗಿ ಕತ್ತರಿಸಿ, ಎಲ್ಲಿ ಕಾಡಿದೆ, ಎಲ್ಲಿ ಬಯಲಾಗಿದೆ, ಬಯಲಾದ ಕಾಡಿನಿಂದ ಎಷ್ಟು ಟನ್ ಇಂಗಾಲ ಗಾಳಿಗೆ ಸೇರಿತು ಎಂದು ಹೇಳುವುದು ನಮ್ಮ ಕೆಲಸ. ಹನ್ನೊಂದು ವರ್ಷದಿಂದ ನಾನು ಅಲ್ಲಿ ಚಿತ್ರ ಪರೀಕ್ಷಕಿ. ನನ್ನ ಗಂಡ ಪಕ್ಕದ ಮೇಜಿನಲ್ಲಿದ್ದವರು. ನನಗೆ ಈ ಕೆಲಸ ಕಲಿಸಿ, ಆಮೇಲೆ ಮದುವೆಯಾಗಿ, ಎರಡು ವರ್ಷದ ಹಿಂದೆ ಖಾಸಗಿ ಸಂಸ್ಥೆಯೊಂದಕ್ಕೆ ನಕ್ಷೆಗಳ ಸಲಹೆಗಾರರಾಗಿ ಹೋದರು.

ನಮ್ಮಲ್ಲೊಂದು ನಿಯಮವಿದೆ: ಕಂಡ ದಿನವೇ ಕಡಿದ ದಿನ. ಮೋಡ ಮುಚ್ಚಿದ್ದಷ್ಟು ಕಾಲ ಅದರ ಕೆಳಗಿನ ಕಾಡು ಹಾಗೇ ಇದೆಯೆಂದು ಲೆಕ್ಕ. ಈ ತಿಂಗಳ ಮೂರಕ್ಕೆ ಮೊದಲು ಆ ಕಣಿವೆ ನಮಗೆ ಕಂಡಿರಲಿಲ್ಲವೇಕೆ? ನನ್ನ ತಮ್ಮನ ಸೆರೆಮನೆಗೂ ಬಿಡುಗಡೆಗೂ ನಡುವೆ ಇದ್ದದ್ದು ಇದೊಂದೇ ಪ್ರಶ್ನೆ.

*

ಕಚೇರಿಯ ನೆಲಮಾಳಿಗೆಯಲ್ಲಿ ಕಚ್ಚಾ ಚಿತ್ರಗಳ ಉಗ್ರಾಣ. ಅದನ್ನು ನೋಡಿಕೊಳ್ಳುವವರನ್ನು ಎಲ್ಲರೂ ತಾತ ಎನ್ನುತ್ತಾರೆ. ವಯಸ್ಸು ಐವತ್ತೊಂಬತ್ತೇ. ಸದಾ ತಣ್ಣಗಿರುವ ಆ ಕೋಣೆಯಲ್ಲಿ ಕಿವಿಯವರೆಗೆ ಶಾಲು ಸುತ್ತಿಕೊಂಡು ಕೂರುವುದರಿಂದ ಆ ಹೆಸರು.

“ಮುಖ್ಯಸ್ಥರ ಸಹಿ ಎಲ್ಲಮ್ಮಾ?” ಎಂದರು.

“ಇಲ್ಲ ತಾತ.”

“ಸಹಿ ಇಲ್ಲದೆ ಚಿತ್ರ ತೋರಿಸಿದ್ರೆ ನನ್ನ ಪಿಂಚಣಿ ಹೋಗುತ್ತೆ. ಅದೇನು ಅಂಥಾ ಅರ್ಜೆಂಟು?”

“ನನ್ನ ತಮ್ಮ ಜೈಲಿಗೆ ಹೋಗ್ತಾನೆ.”

ಅವರು ಶಾಲಿನೊಳಗಿಂದ ಕೈ ಹೊರತೆಗೆದರು. ಭೇಟಿಯ ಪುಸ್ತಕವನ್ನು ನನ್ನತ್ತ ತಳ್ಳಿದರು. “ಯಾಕೆ ಬಂದೆ ಅನ್ನೋ ಕಡೆ ಧೂಳು ಒರೆಸೋಕೆ ಅಂತ ಬರಿ. ಹದಿನೈದು ವರ್ಷದಿಂದ ಯಾರೂ ಒರೆಸಿಲ್ಲ, ನಂಬ್ತಾರೆ.”

ಪರದೆಯ ಮೇಲೆ ಉತ್ತರದ ಕಣಿವೆ ತೆರೆಯಿತು. ಮೊದಲು ನಾವು ಮೇಲಿನ ಮಹಡಿಯಲ್ಲಿ ನೋಡುವ, ಶುದ್ಧಮಾಡಿದ ಚಿತ್ರಗಳು. ಕಳೆದ ತಿಂಗಳು, ಕಣಿವೆಯ ಮೇಲೆ ಬಿಳಿ ಮುಸುಕು. ಅದರ ಹಿಂದಿನ ತಿಂಗಳು, ಬಿಳಿ ಮುಸುಕು. ಆರು ತಿಂಗಳು, ಎಂಟು ತಿಂಗಳು. ಒಂದೇ ಮೋಡ ಅಲುಗಾಡದೆ ನಿಂತಿತ್ತು.

“ಸ್ಥಾಯಿ ಮೋಡ,” ಎಂದರು ತಾತ.

ಅದೂ ನಮ್ಮದೇ ನಿಯಮ. ಸದಾ ಮಂಜು ಕೂತಿರುವ ಕಣಿವೆಗಳಿಗೆ ಪ್ರತಿ ಐದು ದಿನಕ್ಕೊಮ್ಮೆ ಮೋಡ ಗುರುತಿಸಿ ಸೋತ ಪರೀಕ್ಷಕರಿಗಾಗಿ ಮಾಡಿದ ಸೌಕರ್ಯ. ಒಮ್ಮೆ ಕೈಯಿಂದ ಗೆರೆ ಎಳೆದು ‘ಸ್ಥಾಯಿ’ ಎಂದು ಒತ್ತಿದರೆ, ಮುಂದಿನ ಎಲ್ಲ ಚಿತ್ರಗಳಿಗೂ ಅದೇ ಮೋಡ ತಾನಾಗಿ ಅಂಟಿಕೊಳ್ಳುತ್ತದೆ; ಆ ಚೌಕ ಮತ್ತೆ ಪರೀಕ್ಷೆಗೆ ಬರುವುದಿಲ್ಲ. ವರ್ಷಕ್ಕೊಂದು ಸಲ ಯಂತ್ರ ಅವನ್ನೆಲ್ಲ ಅಳಿಸಿಹಾಕುತ್ತದೆ. ಈ ವರ್ಷ ಅಳಿಸಿದ್ದು ಈ ತಿಂಗಳ ಎರಡನೆಯ ತಾರೀಖು.

“ಆ ನಿಯಮ ತಂದ ಪುಣ್ಯಾತ್ಮ ಕೆಲಸ ಬಿಟ್ಟು ಹೋದ. ನಾವಿಲ್ಲಿ ಅನುಭವಿಸ್ತಿದೀವಿ,” ಎಂದು ತಾತ ಗೊಣಗಿದರು.

ಆಗ ನನ್ನ ಕಣ್ಣಿಗೊಂದು ವಿಷಯ ಬಿತ್ತು. ಆಕಾಶದ ಪ್ರತಿ ಮೋಡಕ್ಕೂ ನೆಲದ ಮೇಲೆ ಒಂದು ನೆರಳಿರುತ್ತದೆ. ಬೆಳಗ್ಗೆ ಹತ್ತೂವರೆಗೆ ಹಾಯುವ ನಮ್ಮ ಉಪಗ್ರಹದ ಚಿತ್ರದಲ್ಲಿ ಆ ನೆರಳು ಮೋಡದ ಎಡಕ್ಕೆ ಬೀಳಲೇಬೇಕು. ಹೊಸಬರಿಗೆ ಮೊದಲ ದಿನ ಕಲಿಸುವ ಪಾಠವಿದು. ಅಕ್ಕಪಕ್ಕದ ಚಿಕ್ಕ ಮೋಡಗಳಿಗೆಲ್ಲ ನೆರಳಿತ್ತು. ಇದೊಂದಕ್ಕೆ ಇರಲಿಲ್ಲ.

“ಮುಸುಕು ತೆಗೆದು ಕೆಳಗಿನ ಕಚ್ಚಾ ಚಿತ್ರ ತೋರ್ಸಿ ತಾತ.”

ಮೋಡ ಸರಿಯಿತು. ಒಂಬತ್ತು ತಿಂಗಳ ಹಿಂದಿನ ಚಿತ್ರದಲ್ಲಿ ಆಕಾಶ ತಿಳಿಯಾಗಿತ್ತು. ಕಣಿವೆ ತುಂಬ ದಟ್ಟ ಹಸಿರು. ಐದು ದಿನದ ನಂತರದ ಚಿತ್ರದಲ್ಲಿ ಒಂದು ಕಂದು ಗೆರೆ, ಲಾರಿ ಓಡಾಡುವಷ್ಟು ಅಗಲ. ಇನ್ನೊಂದು ತಿಂಗಳಿಗೆ ಆ ಗೆರೆಗೆ ಎರಡೂ ಬದಿ ಮೀನಿನ ಮುಳ್ಳುಗಳಂತೆ ಕವಲು. ನನ್ನ ತಮ್ಮ ಅಲ್ಲಿ ಕಾಲಿಡುವ ಹೊತ್ತಿಗೆ ಹಸಿರಿನ ಒಂದು ಚುಕ್ಕಿಯೂ ಉಳಿದಿರಲಿಲ್ಲ. ಎರಡು ಲಕ್ಷ ಟನ್ನಿಗೂ ಹೆಚ್ಚು ಇಂಗಾಲದ ಹೊಗೆ ಗಾಳಿಗೆ ಸೇರಿಹೋಗಿತ್ತು, ನಮ್ಮ ಯಾವ ವರದಿಯಲ್ಲೂ ಕಾಣಿಸಿಕೊಳ್ಳದೆ.

ಮೋಡ ಮೊದಲು ಬಂದಿತ್ತು, ಗರಗಸ ಆಮೇಲೆ.

“ಇದು ತಪ್ಪಲ್ಲಮ್ಮಾ. ಇದು ಏರ್ಪಾಡು,” ಎಂದರು ತಾತ. “ಆ ಕಣಿವೆಯ ಮರದಲ್ಲಿರೋ ಇಂಗಾಲವನ್ನ ಒಂದು ಸಂಸ್ಥೆ ಪ್ರಮಾಣಪತ್ರ ಮಾಡಿ ಹೊರಗಿನ ಕಾರ್ಖಾನೆಗಳಿಗೆ ಮಾರಿದೆ. ನೀವು ಹೊಗೆ ಬಿಡಿ, ನಮ್ಮ ಕಾಡು ಹೀರ್ಕೊಳ್ಳುತ್ತೆ ಅಂತ. ಕಾಡು ನಿಂತಿದೆ ಅಂತ ಮೂರು ತಿಂಗಳಿಗೊಮ್ಮೆ ನಮ್ಮಿಂದ ವರದಿ ತಗೊಂಡುಹೋಗ್ತಾರೆ. ಮರನೂ ಮಾರ್ಕೊಂಡ್ರು, ಮರ ಇದೆ ಅನ್ನೋ ಕಾಗದನೂ ಮಾರ್ಕೊಂಡ್ರು.”

“ಯಾವ ಸಂಸ್ಥೆ?”

ಅವರು ಅರ್ಜಿಯೊಂದನ್ನು ಹುಡುಕಿ ನನ್ನ ಮುಂದಿಟ್ಟರು. ಮೇಲಿನ ಮುದ್ರೆ ಓದಿದೆ; ಪ್ರತಿ ತಿಂಗಳೂ ನಮ್ಮ ಮನೆಗೆ ಬರುವ ಲಕೋಟೆಗಳ ಮೇಲಿನದೇ ಮುದ್ರೆ. ಕಾಗದವನ್ನು ಇದ್ದ ಹಾಗೇ ಮಡಚಿ ವಾಪಸ್ ಕೊಟ್ಟೆ.

“ಈ ಮೋಡ ಬರೆದವರು ಯಾರು ನೋಡಿ,” ಎಂದೆ. ನನ್ನ ದನಿ ನನಗೇ ದೂರದಿಂದ ಕೇಳಿಸಿತು.

ತಾತ ಒಂದು ಗುಂಡಿ ಒತ್ತಿದರು. ದಿನಾಂಕ ಬಂತು, ಮಧ್ಯಾಹ್ನ ಒಂದು ಗಂಟೆ ನಲವತ್ತು ನಿಮಿಷ. ಪರೀಕ್ಷಕರ ಸಂಕೇತ, ಹದಿನೇಳು.

ಹದಿನೇಳು ನನ್ನ ಸಂಕೇತ.

*

ಆ ದಿನ ನನಗೆ ಮರೆಯುವಂಥದ್ದಲ್ಲ. ಮಗಳ ಗಂಟಲಿನ ಗಡ್ಡೆ ತೆಗೆದ ದಿನ. ಒಂದು ನಲವತ್ತಕ್ಕೆ ಅವಳು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿದ್ದಳು. ನಾನು ಹೊರಗಿನ ಬೆಂಚಿನ ಮೇಲೆ ಒಬ್ಬಳೇ ಕುಳಿತು ಗೋಡೆಯ ಗಡಿಯಾರದಲ್ಲಿ ನಿಮಿಷ ಎಣಿಸುತ್ತಿದ್ದೆ. ಮೂರು ದಿನ ರಜೆ ಹಾಕಿದ್ದೆ. ವಾಪಸ್ ಬಂದಾಗ ನನ್ನ ಪಾಲಿನ ಚೌಕಗಳೆಲ್ಲ ಮುಗಿದಿದ್ದವು.

ಹಾಗೆ ಮುಗಿಯುವುದು ನಮ್ಮಲ್ಲಿ ಹೊಸದಲ್ಲ. ರಜೆ ಹೋದವರ ಚೌಕಗಳನ್ನು ಯಾರಾದರೂ ಅವರದೇ ಸಂಕೇತದಲ್ಲಿ ತುಂಬಿಕೊಡುತ್ತಾರೆ. ನಿಯಮಕ್ಕೆ ವಿರುದ್ಧವಾದ ಕೆಲಸವಾದ್ದರಿಂದ ಯಾರು ತುಂಬಿದರೆಂದು ಕೇಳಬಾರದು, ಬಾಯಿಬಿಟ್ಟು ಧನ್ಯವಾದ ಹೇಳಬಾರದು. ಹನ್ನೊಂದು ವರ್ಷ ನಾನೂ ಇತರರಿಗೆ ಹಾಗೆ ತುಂಬಿಕೊಟ್ಟಿದ್ದೇನೆ. ಸಹೋದ್ಯೋಗಿಗಳ ಒಳ್ಳೆಯತನ ಎಂದುಕೊಂಡಿದ್ದ ಆ ರೂಢಿಯೊಳಗೆ ಒಬ್ಬ ಕಳ್ಳ ಹಾಯಾಗಿ ಬಂದುಹೋಗಿದ್ದ.

ಊಟದ ಹೊತ್ತಿಗೆ ಪಕ್ಕದ ಮೇಜಿನವಳನ್ನು ಮೆಟ್ಟಿಲ ಬಳಿ ಹಿಡಿದೆ. ಕಣ್ಣಿಗೆ ದಪ್ಪ ಗಾಜು ಹಾಕುವ ಅವಳನ್ನು ಎಲ್ಲರೂ ಕನ್ನಡಕ ಎಂದೇ ಕರೆಯುವುದು.

“ಕೇಳಬಾರದು, ಆದ್ರೂ ಕೇಳ್ತೀನಿ. ನನ್ನ ಮಗಳ ಆಪರೇಷನ್ ದಿನ ನನ್ನ ಚೌಕ ತುಂಬಿದ್ದು ನೀನಾ?”

“ಒಂಬತ್ತು ತಿಂಗಳಾದ್ಮೇಲೆ ಸಾಲ ತೀರಿಸೋಕೆ ಬಂದ್ಯಾ?” ಎಂದು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. “ಏಳು ಚೌಕ ತುಂಬಿದ್ದು ನಾನೇ ಕಣೇ, ಸಂಜೆ ಹೊತ್ತು. ಎಂಟನೇದಕ್ಕೆ ಕೈ ಹಾಕಿದ್ರೆ ಅದಾಗಲೇ ಆಗಿಹೋಗಿತ್ತು.”

“ಉತ್ತರದ ಕಣಿವೆ?”

“ಅದೇ. ನೀನೇ ಆಸ್ಪತ್ರೆಯಿಂದ ಮಾಡಿದ್ದೀಯ ಅಂದ್ಕೊಂಡೆ. ಎಂಥಾ ಹುಚ್ಚಿ ಇವಳು, ಮಗು ಒಳಗಿದ್ರೂ ಕೆಲಸ ಬಿಡಲ್ವಲ್ಲ ಅಂತ ಬೈಕೊಂಡೆ. ಯಾಕೆ, ಏನಾಯ್ತು?”

ಮತ್ತೆ ನೆಲಮಾಳಿಗೆಗೆ ಇಳಿದೆ.

“ತಾತ, ಆ ಗೆರೆ ಎಳೆದ ಕ್ರಮ ಉಳಿದಿರುತ್ತಾ? ಯಾವ ಚುಕ್ಕಿ ಮೊದಲು, ಯಾವುದು ಆಮೇಲೆ?”

“ಉಳಿದಿರುತ್ತೆ. ಇದುವರೆಗೆ ಯಾರೂ ಕೇಳಿಲ್ಲ ಅಷ್ಟೆ.”

ಖಾಲಿ ಪರದೆಯ ಮೇಲೆ ಚುಕ್ಕಿಗಳು ಒಂದೊಂದಾಗಿ ಬೀಳತೊಡಗಿದವು, ಕಾಣದ ಕೈಯೊಂದು ನಮ್ಮೆದುರೇ ಬರೆಯುತ್ತಿರುವ ಹಾಗೆ. ಕಣಿವೆಯ ಕೆಳತುದಿಯಿಂದ ಹೊರಟು ಬಲಕ್ಕೆ. ಅಲ್ಲಿಂದ ಮೇಲಕ್ಕೆ. ಶಿಖರ ಬಳಸಿ ಎಡಕ್ಕೆ. ಮತ್ತೆ ಕೆಳಗೆ.

“ಗಡಿಯಾರಕ್ಕೆ ಉಲ್ಟಾ,” ತಾತ ಮುಂದಕ್ಕೆ ಬಾಗಿದರು. “ನಮ್ಮಲ್ಲಿ ಎಲ್ಲರೂ ಮುಳ್ಳಿನ ಜೊತೆಗೇ ಸುತ್ತೋರು. ನೀನೂ ಹಾಗೇ ಅಲ್ವಾ?”

“ಹೌದು.”

ಕೊನೆಯ ಚುಕ್ಕಿ ಮೊದಲನೆಯದರ ಮೇಲೆ ಬಂದು ಕೂತಿತು. ಒಂದು ಕ್ಷಣ ಬಿಟ್ಟು ಅದೇ ಜಾಗದಲ್ಲಿ ಇನ್ನೊಂದು.

“ಎರಡು ಸಲ ಒತ್ತೋದು ಹಳೇ ಯಂತ್ರದ ಕಾಲದ ಚಾಳಿ,” ಎಂದರು ತಾತ, ನಿಧಾನವಾಗಿ. “ಒಂದು ಸಲಕ್ಕೆ ಅದರಲ್ಲಿ ಗೆರೆ ಮುಚ್ತಾ ಇರಲಿಲ್ಲ. ಆ ಯಂತ್ರ ಹೋಗಿ ಎಷ್ಟೋ ವರ್ಷ ಆಯ್ತು.” ಅವರು ನನ್ನತ್ತ ತಿರುಗಿದರು. ಎಲ್ಲ ಚಿತ್ರಗಳ, ಆ ಗೆರೆಯ ದಾಖಲೆಯ ಪ್ರತಿ ತೆಗೆದು, ಒಂದೊಂದರ ಮೇಲೂ ಉಗ್ರಾಣದ ಮುದ್ರೆ ಒತ್ತಿ ಕೈಗಿತ್ತರು. “ಪಿಂಚಣಿ ಹೋದ್ರೆ ಹೋಗ್ಲಿ ಬಿಡು. ನೀನು ಹುಷಾರಾಗಿರು ಮಗಳೇ.”

ಕಾಗದಗಳನ್ನು ಕಡತದೊಳಗಿಟ್ಟು ಮೆಟ್ಟಿಲು ಹತ್ತಿದೆ.

*

ಮನೆಯಲ್ಲಿ ಮಗಳು ಬಾಗಿಲಲ್ಲೇ ಕಾಯುತ್ತಿದ್ದಳು. ಎಲೆಗಳ ಕಾಗದವನ್ನು ಟೀಚರು ಕೆಂಪು ಶಾಯಿಯಲ್ಲಿ ಬರೆದು ವಾಪಸ್ ಕಳಿಸಿದ್ದರು: “ಎರಡು ಎಲೆ ಬಹಳ ಚೆಂದ. ಉಳಿದ ಮೂರನ್ನೂ ಮುಂದಿನ ಸಲ ನೀನೇ ಬರೆ.”

“ಟೀಚರಿಗೆ ಹೇಗಮ್ಮಾ ಗೊತ್ತಾಯ್ತು?”

“ಕೈ ನೋಡಿದ್ರೆ ಗೊತ್ತಾಗುತ್ತೆ ಪುಟ್ಟಾ.”

ನನ್ನ ಗಂಡ ಜೋರಾಗಿ ನಕ್ಕರು. ಮಗಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಹೊರಕೋಣೆಯಲ್ಲಿ ನನ್ನ ತಮ್ಮ ಚಿಗುರು ಕೊಂಬೆಯನ್ನು ಲೋಟದ ನೀರಿನಲ್ಲಿಟ್ಟು ಅದನ್ನೇ ನೋಡುತ್ತಿದ್ದ. ಎಲೆಗಳು ಆಗಲೇ ಜೋತುಬಿದ್ದಿದ್ದವು.

“ಸಿಕ್ತಾ ಏನಾದ್ರೂ?” ಎಂದು ಗಂಡ ಕೇಳಿದರು.

“ಮೋಡ,” ಎಂದೆ. “ಒಂಬತ್ತು ತಿಂಗಳೂ ಮೋಡ.”

“ಪಾಪ. ಮೋಡ ಇದ್ರೆ ಯಾರೇನು ಮಾಡೋಕಾಗುತ್ತೆ.” ಅವರು ಮಗಳನ್ನು ಇಳಿಸಿದರು. “ನಾಳೆ ನಾನೂ ಬರ್ತೀನಿ ನಿನ್ ಜೊತೆ. ಒಬ್ಬಳನ್ನೇ ಕಳಿಸೋಕೆ ಮನಸಿಲ್ಲ.”

ಆ ಸಂಜೆ ಅವರು ನನ್ನ ಸೀರೆಗೆ ಇಸ್ತ್ರಿ ಹಾಕಿಕೊಟ್ಟರು, ತಮ್ಮನಿಗೆ ತಮ್ಮದೇ ಒಗೆದ ಅಂಗಿ ಕೊಟ್ಟರು. ನಾನು ನನ್ನೊಳಗೇ ಒಂದು ದಾರಿ ಹುಡುಕುತ್ತಿದ್ದೆ. ತಪ್ಪು ನನ್ನದೇ, ಮಗಳ ಚಿಂತೆಯಲ್ಲಿ ಕೈತಪ್ಪಿ ಒತ್ತಿಬಿಟ್ಟೆ ಎಂದರೆ? ತಮ್ಮ ಉಳಿಯುತ್ತಾನೆ, ಮನೆ ಉಳಿಯುತ್ತದೆ, ನನ್ನ ಕೆಲಸವೊಂದು ಹೋಗುತ್ತದೆ. ಮಗಳ ತಟ್ಟೆಗೆ ಬಡಿಸುವಾಗ ಆ ದಾರಿ ನನಗೆ ಬಹಳ ಸುಲಭವಾಗಿ ಕಂಡಿತ್ತು.

*

ವಿಚಾರಣೆಯ ಕೋಣೆಯಲ್ಲಿ ಉದ್ದ ಮೇಜು, ಅದರಾಚೆ ಮೂವರು. ನಡುವೆ ಕುಳಿತ ಹಿರಿಯ ಅಧಿಕಾರಿಣಿ ಸಣ್ಣ ದನಿಯ ಹೆಂಗಸು. ಪ್ರತಿ ಕಾಗದವನ್ನೂ ಮೂಗಿನ ಹತ್ತಿರ ಹಿಡಿದು ಓದುತ್ತಿದ್ದರು. ನನ್ನ ಪಕ್ಕದ ಕುರ್ಚಿಯಲ್ಲಿ ತಮ್ಮ ಮುಷ್ಟಿ ಬಿಗಿದು ಕುಳಿತಿದ್ದ. ಹಿಂದಿನ ಬೆಂಚಿನಲ್ಲಿ ನನ್ನ ಗಂಡ, ತೊಡೆಯ ಮೇಲೆ ನನ್ನ ಕೈಚೀಲ, ಅದರ ಮೇಲೆ ಮಗಳ ನೀರಿನ ಬಾಟಲಿ. ವಿಚಾರಣೆ ಮುಗಿದರೆ ಶಾಲೆಗೆ ಹೋಗಿ ಕೊಟ್ಟುಬರುತ್ತೇನೆಂದು ತಂದಿದ್ದರು.

ನಾನು ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ವಿವರಿಸಿದೆ. ನೆರಳಿಲ್ಲದ ಮೋಡ, ಅದರ ಕೆಳಗೆ ಕಂದು ಗೆರೆ, ಮೀನಿನ ಮುಳ್ಳು.

“ಅಂದ್ರೆ ಕಡಿದದ್ದು ಇವರು ಬರೋದಕ್ಕಿಂತ ಮೊದಲು,” ಎಂದರು ಅಧಿಕಾರಿಣಿ.

“ಹೌದು ಮೇಡಂ.”

ತಮ್ಮ ಉಸಿರು ಬಿಟ್ಟ ಸದ್ದು ಕೇಳಿಸಿತು. ಅಧಿಕಾರಿಣಿ ಮಾತ್ರ ಕೊನೆಯ ಕಾಗದದಿಂದ ಕಣ್ಣೆತ್ತಲಿಲ್ಲ. “ಮೋಡ ಬರೆದ ಸಂಕೇತ ಹದಿನೇಳು. ಅದು ಯಾರು?”

“ನನ್ನದು.”

ಎಡಗಡೆಯ ಅಧಿಕಾರಿ ಕುರ್ಚಿಗೆ ಒರಗಿದರು. “ಭೇಷ್! ಅಕ್ಕ ಮುಚ್ಚಿದಳು, ತಮ್ಮ ಕಡಿಸಿದ. ಒಂಬತ್ತು ತಿಂಗಳಿಂದಲೇ ಏರ್ಪಾಡು. ಆಮೇಲೆ ತಾನೇ ವರ್ಗ ಮಾಡಿಸ್ಕೊಂಡು ಅಲ್ಲಿಗೆ ಹೋದ. ಇನ್ನೇನು ವಿಚಾರಣೆ ಬೇಕು? ಇಬ್ಬರನ್ನೂ ಕಳಿಸೋಣ.”

ನಾನು ಹಿಂದಿನ ಸಂಜೆ ಹುಡುಕಿಟ್ಟುಕೊಂಡಿದ್ದ ದಾರಿ ಅಲ್ಲಿಗೆ ಮುಚ್ಚಿತು. ತಪ್ಪು ನನ್ನದೆಂದರೆ ನನ್ನ ಕೈಯಿಂದಲೇ ತಮ್ಮನನ್ನು ಒಳಗೆ ತಳ್ಳಿದ ಹಾಗೆ. ಅವನು ನನ್ನತ್ತ ತಿರುಗಿದ. “ಅಕ್ಕಾ...” ಎಂದ, ಅಷ್ಟೇ. ಚಿಕ್ಕವನಿದ್ದಾಗ ಕತ್ತಲೆಯ ಹಜಾರ ದಾಟಲು ಹೆದರಿ ಕರೆಯುತ್ತಿದ್ದ ಅದೇ ದನಿ.

“ಆ ಮೋಡ ಬರೆದದ್ದು ನಾನಲ್ಲ ಮೇಡಂ. ಆ ಹೊತ್ತಿನಲ್ಲಿ ನಾನು ಆಸ್ಪತ್ರೆಯಲ್ಲಿದ್ದೆ, ಅಲ್ಲಿನ ಪತ್ರ ಇದೆ. ಬರೆದವರು ನನ್ನ ಮನೆಯ ಕಂಪ್ಯೂಟರಿನಿಂದ ಬರೆದಿದ್ದಾರೆ, ಅದು ಉಗ್ರಾಣದ ದಾಖಲೆಯಲ್ಲೇ ಇದೆ.”

ಹಿಂದಿನ ಬೆಂಚಿನಲ್ಲಿ ಏನೋ ಕೆಳಗೆ ಬಿದ್ದು ಉರುಳಿತು. ನೀರಿನ ಬಾಟಲಿ. ಅದು ನನ್ನ ಕುರ್ಚಿಯ ಕಾಲಿಗೆ ಬಂದು ತಾಗಿ ನಿಂತಿತು. ನಾನು ಬಗ್ಗಿ ಎತ್ತಿಕೊಳ್ಳಲಿಲ್ಲ.

ಕಡತದ ಅಡಿಯಿಂದ ಕೊನೆಯ ಹಾಳೆಯನ್ನು ತೆಗೆದು ಮೇಜಿನ ಮೇಲಿಟ್ಟೆ. ಅಧಿಕಾರಿಣಿ ಅದನ್ನು ಮೂಗಿನ ಹತ್ತಿರ ಹಿಡಿದರು. “ಇದೇನಮ್ಮಾ, ಮಕ್ಕಳ ಚಿತ್ರ?”

“ಮಗಳ ಶಾಲೆಯ ಕೆಲಸ. ಮೋಡದ ಗೆರೆ ಎಲ್ಲಿ ಮುಗಿದಿದೆ ನೋಡಿ ಮೇಡಂ, ಒಂದೇ ಜಾಗದಲ್ಲಿ ಎರಡು ಚುಕ್ಕಿ. ಈಗ ಈ ಎಲೆಗಳ ತೊಟ್ಟು ನೋಡಿ. ಎರಡಕ್ಕಿಲ್ಲ; ಅವು ನನ್ನ ಮಗಳದು. ಉಳಿದ ಮೂರಕ್ಕಿದೆ.”

ಅವರು ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದರು. ಒಮ್ಮೆ ಮೋಡ, ಒಮ್ಮೆ ಎಲೆ. ಆಮೇಲೆ ಕನ್ನಡಕ ತೆಗೆದು ಕೆಳಗಿಟ್ಟು, ಲೇಖನಿ ಎತ್ತಿಕೊಂಡು ಕೇಳಿದರು: “ಈ ಮೂರು ಎಲೆ ಬರೆದವರು ಯಾರು?”

“ನನ್ನ ಗಂಡ.”